ಕಬ್ಬನ್ ಎಂಬ ಹೆಸರಿನ ಊರು ಯಾವುದು?

ಬೆಂಗಳೂರಿನಲ್ಲಿ ದಿನಕ್ಕೆ ಸಾವಿರಾರು ಬಾಯಿಗಳಲ್ಲಿ ಬಂದು ಹೋಗುವ ಹೆಸರು ಕಬ್ಬನ್. ಕಬ್ಬನ್ ಪಾರ್ಕ್, ಕಬ್ಬನ್ ರಸ್ತೆ, ಕಬ್ಬನ್‌ಪೇಟೆ ಹಳೆಯವು. 2016ರಿಂದೀಚೆಗೆ ನೆಲದಡಿಯ ಮೆಟ್ರೊ ನಿಲ್ದಾಣವೊಂದಕ್ಕೂ ಅದೇ ಹೆಸರು. ಹೆಸರಿನ ಒಡೆಯ ಯಾರು ಎಂದರೆ ಶಾಲೆಯಲ್ಲಿ ಚರಿತ್ರೆ ಓದಿದವರು ಥಟ್ಟನೆ ಹೇಳುತ್ತಾರೆ: ಮಾರ್ಕ್ ಕಬ್ಬನ್, 1834ರಿಂದ 1861ರವರೆಗೆ ಮೈಸೂರು ಸಂಸ್ಥಾನದ ಕಮಿಷನರ್. ಅಲ್ಲಿಗೆ ವಿಷಯ ಮುಗಿಯಿತು. ಆದರೆ ‘ಕಬ್ಬನ್’ ಎಂದರೇನು, ಆ ಮನೆತನದವರು ಎಲ್ಲಿಯವರು ಎಂದು ಯಾರೂ ಕೇಳುವುದಿಲ್ಲ. ಕಬ್ಬು, ಕಬ್ಬಿಣಗಳ ಸಾಲಿನಲ್ಲಿ ಈ ಪದ ಕನ್ನಡದ ಕಿವಿಗೆ ಎಷ್ಟು ಹಿತವಾಗಿ ಕೂತಿದೆಯೆಂದರೆ, ಕೇಳಬೇಕೆಂದೇ ಅನ್ನಿಸುವುದಿಲ್ಲವೇನೋ.

ಇಂಗ್ಲಿಷರ ಹೆಸರಲ್ಲವೇ, ಅದರಲ್ಲೇನಿದೆ ಎನ್ನಬಹುದು. ಅದು ಇಂಗ್ಲಿಷ್ ಹೆಸರಲ್ಲ ಎಂಬುದೇ ಇಲ್ಲಿನ ಸ್ವಾರಸ್ಯ.

ಇಂಗ್ಲೆಂಡ್ ಮತ್ತು ಐರ್ಲೆಂಡ್‌ಗಳ ನಡುವಣ ಸಮುದ್ರದಲ್ಲಿ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪವಿದೆ. ಉದ್ದ 50 ಕಿ.ಮೀ.ಗಿಂತ ತುಸು ಹೆಚ್ಚು, ವಿಸ್ತೀರ್ಣ 572 ಚದರ ಕಿ.ಮೀ. 2021ರ ಜನಗಣತಿಯಂತೆ ಜನಸಂಖ್ಯೆ ಸುಮಾರು 84 ಸಾವಿರ. ಬೆಂಗಳೂರಿನ ಒಂದು ದೊಡ್ಡ ಬಡಾವಣೆಯಲ್ಲಿ ಇದಕ್ಕಿಂತ ಹೆಚ್ಚು ಜನರಿದ್ದಾರು. ಆದರೂ ದ್ವೀಪಕ್ಕೆ ತನ್ನದೇ ಸಂಸತ್ತು ಉಂಟು, ಟಿನ್‌ವಾಲ್ಡ್ ಎಂದು ಅದರ ಹೆಸರು. ಬ್ರಿಟನ್ನಿನ ರಾಜಮನೆತನದ ಅಧೀನದಲ್ಲಿದ್ದರೂ ದ್ವೀಪವು ಯುನೈಟೆಡ್ ಕಿಂಗ್‌ಡಮ್‌ನ ಭಾಗವಲ್ಲ. ಅಲ್ಲಿನ ಮೂಲ ಭಾಷೆ ಮ್ಯಾಂಕ್ಸ್. ಇದು ಐರಿಷ್ ಮತ್ತು ಸ್ಕಾಟ್‌ಲೆಂಡಿನ ಗೇಲಿಕ್ ಭಾಷೆಗಳ ಒಡಹುಟ್ಟು. ಕಬ್ಬನ್ ಹುಟ್ಟಿದ್ದು ಈ ಭಾಷೆಯ ಬಾಯಲ್ಲಿ.

ಗೇಲಿಕ್ ಭಾಷೆಗಳಲ್ಲಿ ‘ಮ್ಯಾಕ್’ ಎಂದರೆ ಮಗ. ಮ್ಯಾಕ್‌ಡೊನಾಲ್ಡ್ ಎಂದರೆ ಡೊನಾಲ್ಡನ ಮಗ. ಇದು ಎಲ್ಲರಿಗೂ ತಿಳಿದದ್ದೇ. ಮೊದಮೊದಲು ಇದು ಕುಲನಾಮವಾಗಿರಲಿಲ್ಲ, ತಂದೆಯ ಹೆಸರಿನ ಉಲ್ಲೇಖ ಅಷ್ಟೆ. ನಮ್ಮಲ್ಲಿ ತಂದೆಯ ಹೆಸರಿನ ಮೊದಲಕ್ಷರವನ್ನು ಇನಿಷಿಯಲ್ ಎಂದು ಹಚ್ಚಿಕೊಳ್ಳುವಂತೆ, ತಲೆಮಾರು ಬದಲಾದಂತೆ ಅದೂ ಬದಲಾಗುತ್ತಿತ್ತು. ಮುಂದೆ ಯಾವುದೋ ಒಂದು ತಲೆಮಾರಿನಲ್ಲಿ ಅದು ನಿಂತುಬಿಟ್ಟಿತು. ಮೊಮ್ಮಗನೂ ಮರಿಮಗನೂ ಅದೇ ಪೂರ್ವಿಕನ ‘ಮಗ’ ಎನಿಸಿಕೊಂಡರು. ಹಾಗೆ ನಿಂತದ್ದು ಕುಲನಾಮವಾಯಿತು.

ಕಬ್ಬನ್ ಕೂಡ ಹೀಗೆ ನಿಂತ ಹೆಸರು. ಅದರ ಪೂರ್ಣ ರೂಪ ಮ್ಯಾಕ್ ಗಿಬ್ಬನ್, ಅಂದರೆ ಗಿಬ್ಬನ್ನನ ಮಗ. ಗಿಬ್ಬನ್ ಎಂಬುದು ಗಿಲ್ಬರ್ಟ್ ಎಂಬ ಹೆಸರನ್ನು ಮುದ್ದಿನಿಂದ ಕರೆಯುವ ರೂಪ. ನಮ್ಮಲ್ಲಿ ವೆಂಕಟೇಶ ವೆಂಕಿಯಾಗುವಂತೆ ಅಲ್ಲಿ ಗಿಲ್ಬರ್ಟ್ ಗಿಬ್ ಆಗುತ್ತಾನೆ. ಅದಕ್ಕೆ ಫ್ರೆಂಚ್ ಮಾದರಿಯ ಕಿರಿದರ್ಥದ ಬಾಲ ಸೇರಿದರೆ ಗಿಬ್ಬನ್. ಗಿಲ್ಬರ್ಟ್ ಆದರೂ ಜರ್ಮನ್ ಮೂಲದ ಹಳೆಯ ಹೆಸರು. ಅದರ ಮೊದಲ ತುಂಡಿಗೆ ಒತ್ತೆ, ಎರಡನೆಯದಕ್ಕೆ ಹೊಳಪು ಎಂಬ ಅರ್ಥಗಳಿವೆ. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರು ಇಂಥ ಹೆಸರುಗಳನ್ನು ತಂದರು. ನೂರು ವರ್ಷ ಕಳೆದು, 1169ರಿಂದ ಅವರು ಐರ್ಲೆಂಡಿಗೂ ಕಾಲಿಟ್ಟಾಗ ಅವು ಗೇಲಿಕ್ ಮಾತಾಡುವವರ ಮನೆಗಳಿಗೂ ನುಗ್ಗಿದವು. ಜರ್ಮನ್ ಹೆಸರಿಗೆ ಫ್ರೆಂಚ್ ಬಾಲ, ಗೇಲಿಕ್ ತಲೆ. ಇಷ್ಟೆಲ್ಲ ಸೇರಿ ಎರಡೂವರೆ ಅಕ್ಷರದ ‘ಕಬ್ಬನ್’.

ಇದೇ ಗಿಲ್ಬರ್ಟನ ಸಂತಾನ ಬೇರೆ ವೇಷಗಳಲ್ಲಿ ನಮಗೆ ಚೆನ್ನಾಗಿಯೇ ಪರಿಚಿತ. ರೋಮ್ ಸಾಮ್ರಾಜ್ಯದ ಅವನತಿಯ ಚರಿತ್ರೆ ಬರೆದ ಎಡ್ವರ್ಡ್ ಗಿಬ್ಬನ್, ಟೆಸ್ಟ್ ಕ್ರಿಕೆಟ್‌ನಲ್ಲಿ 309 ವಿಕೆಟ್ ಕಿತ್ತ ವೆಸ್ಟ್ ಇಂಡೀಸ್‌ನ ಸ್ಪಿನ್ನರ್ ಲ್ಯಾನ್ಸ್ ಗಿಬ್ಸ್, 2007ರ ವಿಶ್ವಕಪ್‌ನಲ್ಲಿ ಒಂದೇ ಓವರಿನಲ್ಲಿ ಆರು ಸಿಕ್ಸರ್ ಎತ್ತಿದ ದಕ್ಷಿಣ ಆಫ್ರಿಕದ ಹರ್ಷೆಲ್ ಗಿಬ್ಸ್, ಬೀ ಜೀಸ್ ಹಾಡುಗಾರ ಸೋದರರಾದ ಗಿಬ್‌ಗಳು. ಇವರ ಕುಲನಾಮಗಳೆಲ್ಲ ಒಂದೇ ಪದದ ಮರಿಗಳು. ಬೀ ಜೀಸ್ ಸೋದರರಲ್ಲಿ ಬ್ಯಾರಿ, ರಾಬಿನ್, ಮಾರಿಸ್ ಮೂವರೂ ಹುಟ್ಟಿದ್ದು ಐಲ್ ಆಫ್ ಮ್ಯಾನ್‌ನಲ್ಲೇ ಎಂಬುದು ಕಾಕತಾಳೀಯ. ಹೆಸರಿಗೂ ಆ ಊರಿಗೂ ಅಲ್ಲಿ ಸಂಬಂಧವಿಲ್ಲ.

ಸರಿ, ಮ್ಯಾಕ್ ಗಿಬ್ಬನ್ ಕಬ್ಬನ್ ಆದದ್ದು ಹೇಗೆ? ಇದು ಕನ್ನಡ ವ್ಯಾಕರಣ ಓದಿದವರಿಗೆ ಕಷ್ಟವಾಗಬಾರದು. ಮಳೆ ಮತ್ತು ಕಾಲ ಸೇರಿದರೆ ಮಳೆಗಾಲ. ಕಕಾರ ಹೋಗಿ ಗಕಾರ ಬಂದಿತು, ಆದೇಶ ಸಂಧಿ. ಮ್ಯಾಂಕ್ಸ್ ಭಾಷೆಯಲ್ಲಿ ಇದರ ತಿರುವುಮುರುವು ನಡೆಯಿತು. ‘ಮ್ಯಾಕ್’ನ ಕೊನೆಯ ಕ್, ಮುಂದಿನ ಗಕಾರವನ್ನು ತನ್ನಂತೆಯೇ ಮಾಡಿಕೊಂಡಿತು. ಮ್ಯಾಕ್ ಗಿಬ್ಬನ್ ‘ಮಕ್ಕಿಬ್ಬನ್’, ‘ಮಕ್ಕುಬ್ಬನ್’ ಎಂದಾಯಿತು. ಆಡುಮಾತಿನಲ್ಲಿ ಒತ್ತು ಬೀಳುತ್ತಿದ್ದುದು ತಂದೆಯ ಹೆಸರಿನ ಮೇಲೆ. ಮುಂದಿನ ‘ಮ’ ಬರಬರುತ್ತ ತುಟಿಯಲ್ಲೇ ಕರಗಿತು. ಉಳಿದದ್ದು ಕಬ್ಬನ್. ‘ಮಗ’ ಎಂಬ ಪದದಲ್ಲಿ ಮಿಕ್ಕಿದ್ದು ಅದರ ಕೊನೆಯ ವ್ಯಂಜನ ಮಾತ್ರ.

ಹೀಗಾದದ್ದು ಕಬ್ಬನ್ ಒಂದಕ್ಕೇ ಅಲ್ಲ. ಇಡೀ ದ್ವೀಪದ ಕುಲನಾಮಗಳಿಗೆ ಇದೇ ಗತಿ. ಐಲ್ ಆಫ್ ಮ್ಯಾನ್‌ನ ಹಳೆಯ ಮನೆತನಗಳ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿದರೆ ಇಂಗ್ಲಿಷಿನ ಸಿ, ಕೆ, ಕ್ಯೂ ಎಂಬ ಮೂರೇ ಅಕ್ಷರಗಳ ಕೆಳಗೆ ಬಹುಪಾಲು ಮುಗಿದುಹೋಗುತ್ತದೆ. ಎಲ್ಲವೂ ‘ಮ್ಯಾಕ್’ನ ಬಾಲವೇ. ಐಸಾಕನ ಮಗ ಕಿಸಾಕ್. ಲ್ಯೂಕಾಸನ ಮಗ ಕ್ಲೂಕಸ್. ರಾಬಿನ್ನನ ಮಗ ಕ್ರೆಬಿನ್. ಡರ್ಮಡ್‌ನ ಮಗ ಕರ್ಮೋಡ್. ವೈದ್ಯನ ಮಗ ಕ್ಲೇಗ್. ತಂದೆಯ ಹೆಸರು ‘ವ’ಕಾರದಿಂದ ಶುರುವಾದರೆ ಕ್ಯೂ ಬರುತ್ತದೆ: ವಿಲಿಯಮನ ಮಗ ಕ್ವಿಲಿಯಮ್, ವಾಲ್ಟರನ ಮಗ ಕ್ವಾಲ್ಟ್ರೋ. ಪೌಲನ ಮಗ ಕ್ವೇಲ್. 1989ರಿಂದ 1993ರವರೆಗೆ ಅಮೆರಿಕದ ಉಪಾಧ್ಯಕ್ಷರಾಗಿದ್ದ ಡ್ಯಾನ್ ಕ್ವೇಲ್ ಅವರ ಹಿರಿಯರು ಇಲ್ಲಿಂದ ಹೋದವರು. 1805ರ ಟ್ರಫಾಲ್ಗರ್ ಕದನದಲ್ಲಿ ನೆಲ್ಸನ್ನನ ಹಡಗಿನ ಚುಕ್ಕಾಣಿಚಕ್ರ ಗುಂಡಿಗೆ ಪುಡಿಯಾದಾಗ ಹಡಗನ್ನು ನಡೆಸಲು ನೆರವಾದ ಜಾನ್ ಕ್ವಿಲಿಯಮ್ ಈ ದ್ವೀಪದ ಮಗ.

ಹೆಸರುಗಳಲ್ಲಿ ಇನ್ನೊಂದು ಪದರವೂ ಇದೆ. ದ್ವೀಪವನ್ನು ಶತಮಾನಗಳ ಕಾಲ ಆಳಿದವರು ಸ್ಕ್ಯಾಂಡಿನೇವಿಯದ ವೈಕಿಂಗರು. 1266ರ ಪರ್ತ್ ಒಪ್ಪಂದದಲ್ಲಿ ನಾರ್ವೆ ಅದನ್ನು ಸ್ಕಾಟ್‌ಲೆಂಡಿಗೆ ಬಿಟ್ಟುಕೊಡುವವರೆಗೂ ಅವರದೇ ಯಜಮಾನಿಕೆ. ಆದ್ದರಿಂದ ಓಲಾಫನ ಮಗ ಕೌಲಿ ಆದ, ಓಟರನ ಮಗ ಕಾಟಿಯರ್ ಆದ, ಥಾರ್ಕೆಟಿಲ್ಲನ ಮಗ ಕಾರ್ಕಿಲ್ ಆದ. ತಂದೆ ವೈಕಿಂಗ್, ‘ಮಗ’ ಎಂಬ ಪದ ಗೇಲಿಕ್. ಕರ್ಕ್ ಮೈಕೇಲ್ ಎಂಬ ಊರಿನ ಚರ್ಚಿನಲ್ಲಿ ಹತ್ತನೆಯ ಶತಮಾನದ ಒಂದು ಕಲ್ಲಿನ ಶಿಲುಬೆ ಇದೆ. ಗಾಟ್ ಎಂಬ ಶಿಲ್ಪಿ ಕಡೆದದ್ದು. ಅದನ್ನು ನಿಲ್ಲಿಸಿದವನು ಕಮ್ಮಾರನೊಬ್ಬನ ಮಗ. ಅವನ ಹೆಸರು ಗೇಲಿಕ್, ಕೆತ್ತಿದ ಭಾಷೆ ವೈಕಿಂಗರದು, ಲಿಪಿ ರೂನ್. ಎರಡು ಜನಾಂಗಗಳು ಒಂದೇ ಅಡುಗೆಮನೆ ಹಂಚಿಕೊಂಡಿದ್ದವು ಎಂಬುದಕ್ಕೆ ಶಾಸನವೇ ಸಾಕ್ಷಿ.

ಈ ‘ಮ್ಯಾಕ್’ ಕರಗಿದ್ದನ್ನು ಕಾಗದಪತ್ರಗಳಲ್ಲಿ ಹಂತಹಂತವಾಗಿ ನೋಡಬಹುದು. ಹದಿನೈದನೆಯ ಶತಮಾನದ ಆರಂಭದ ದಾಖಲೆಗಳಲ್ಲಿ ದ್ವೀಪದ ಮುಖಂಡರ ಹೆಸರುಗಳ ಮುಂದೆ ಮ್ಯಾಕ್ ಇನ್ನೂ ಗಟ್ಟಿಯಾಗಿದೆ. 1511ರಿಂದ ಸಿಗುವ ಜಮೀನು ಕಂದಾಯದ ಸುರುಳಿಗಳಲ್ಲೂ ಇದೆ. ಹದಿನೇಳನೆಯ ಶತಮಾನಕ್ಕೆ ಬಂದರೆ ಹೆಚ್ಚುಕಡಿಮೆ ಮಾಯ. 1890ರಲ್ಲಿ ದ್ವೀಪದ ಕುಲನಾಮ ಮತ್ತು ಸ್ಥಳನಾಮಗಳ ಮೇಲೆ ಮೊದಲ ದೊಡ್ಡ ಪುಸ್ತಕ ಬರೆದವರು ಎ.ಡಬ್ಲ್ಯು. ಮೂರ್. ಮುಂದೆ ಅಲ್ಲಿನ ಕೆಳಮನೆಯ ಸ್ಪೀಕರ್ ಆದವರು. 1937ರಲ್ಲಿ ಜೆ.ಜೆ. ನೀನ್ ವ್ಯಕ್ತಿನಾಮಗಳ ಮೇಲೆ ಇನ್ನೊಂದು ಪುಸ್ತಕ ತಂದರು. ನೆರೆಯ ಸ್ಕಾಟ್‌ಲೆಂಡ್, ಐರ್ಲೆಂಡ್‌ಗಳಲ್ಲಿ ಮ್ಯಾಕ್ ಇಂದಿಗೂ ಮೆರೆಯುತ್ತಿರುವಾಗ ಇಲ್ಲಿ ಮಾತ್ರ ಅದು ಸವೆದದ್ದೇಕೆ? ನಾಲಿಗೆಯ ಸೋಮಾರಿತನವೊಂದೇ ಕಾರಣವೆಂದು ನನಗನ್ನಿಸುವುದಿಲ್ಲ. ನಾಲಿಗೆಗಳು ಎಲ್ಲ ಕಡೆಯೂ ಸೋಮಾರಿಗಳೇ. 1405ರಿಂದ ದ್ವೀಪವನ್ನಾಳಿದ ಸ್ಟ್ಯಾನ್ಲಿ ಮನೆತನ ಇಂಗ್ಲೆಂಡಿನದು. ಲೆಕ್ಕ ಬರೆಯುವ ಗುಮಾಸ್ತರ ಕಾಗದದ ಭಾಷೆ ಲ್ಯಾಟಿನ್, ಆಮೇಲೆ ಇಂಗ್ಲಿಷ್. ಜನರ ಬಾಯಲ್ಲಿ ಅರ್ಧ ನುಂಗಿಹೋದ ‘ಮ’ವನ್ನು ತಿದ್ದಿ ಬರೆಯುವ ಕುಲಾಭಿಮಾನಿ ವಿದ್ವಾಂಸರು ಅಲ್ಲಿ ಇರಲಿಲ್ಲ. ಕಿವಿಗೆ ಬಿದ್ದದ್ದನ್ನೇ ಬರೆದರು, ಬರೆದದ್ದೇ ಕುಲನಾಮವಾಯಿತು.

ಒಂದು ವಿಷಯದಲ್ಲಿ ಮಾತ್ರ ಆ ದ್ವೀಪದ ಗುಮಾಸ್ತರನ್ನು ಮೆಚ್ಚಬೇಕು. ಮದುವೆಯಾದ ಹೆಣ್ಣುಮಕ್ಕಳ ತವರಿನ ಹೆಸರನ್ನು ಅವರು ಅಳಿಸಲಿಲ್ಲ. ಚರ್ಚಿನ ದಾಖಲೆಗಳಲ್ಲೂ ಗೋರಿಕಲ್ಲುಗಳ ಮೇಲೂ ಗಂಡನ ಕುಲನಾಮದ ಪಕ್ಕದಲ್ಲಿ ‘ಅಲಿಯಾಸ್’ ಎಂದು ಸೇರಿಸಿ ತವರಿನ ಹೆಸರನ್ನೂ ಬರೆಯುವ ರೂಢಿ ಅಲ್ಲಿ ಬಹುಕಾಲ ಇತ್ತು. ವಂಶವೃಕ್ಷ ಹುಡುಕುವವರಿಗೆ ಇದೊಂದು ವರದಾನ. ಇಂಗ್ಲೆಂಡಿನ ದಾಖಲೆಗಳಲ್ಲಿ ಇಂಥ ಅಜ್ಜಿಯರು ಎಷ್ಟೋ ಮಂದಿ ಹೆಸರಿಲ್ಲದೆ ಕಳೆದುಹೋಗಿದ್ದಾರೆ.

ನಮ್ಮ ಮಾರ್ಕ್ ಕಬ್ಬನ್ ಚರಿತ್ರೆಯ ಬೀಗದ ಕೈ ಇರುವುದೂ ಆತನ ತಾಯಿಯ ತವರಿನಲ್ಲಿ. ಆತ 1775ರಲ್ಲಿ ದ್ವೀಪದ ಮೂಡಣ ತೀರದ ಮಾಗೋಲ್ಡ್‌ನಲ್ಲಿ (ಅಲ್ಲಿಯವರ ಉಚ್ಚಾರ ‘ಮ್ಯಾಕಲ್ಡ್’) ಹುಟ್ಟಿದ. ತಂದೆ ಥಾಮಸ್ ಕಬ್ಬನ್ ಅಲ್ಲಿನ ಚರ್ಚಿನ ಪಾದ್ರಿ. ತಾಯಿ ಮಾರ್ಗರೆಟ್, ವಿಲ್ಕ್ಸ್ ಮನೆತನದವಳು. ಆಕೆಯ ತಮ್ಮನೋ ಅಣ್ಣನೋ ಎಂಬುದು ಇರಲಿ, ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ನಮ್ಮ ಕಬ್ಬನ್‌ಗೆ ಸೋದರಮಾವ. ಟಿಪ್ಪು ಮಡಿದ ಮೇಲೆ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟರ ಸ್ಥಾನದಲ್ಲಿ ಕೆಲಸ ಮಾಡಿದವನು, ಮುಂದೆ ಸೇಂಟ್ ಹೆಲೆನಾ ದ್ವೀಪದ ಗವರ್ನರ್ ಆಗಿದ್ದಾಗ ಸೆರೆಯಾಳು ನೆಪೋಲಿಯನ್ನನನ್ನು ಬರಮಾಡಿಕೊಂಡವನು ಇವನೇ. ಅಳಿಯ 1800ರಲ್ಲಿ ಮದರಾಸಿನ ಸೇನೆಗೆ ಕೆಡೆಟ್ ಆಗಿ ಬಂದ. ಐಲ್ ಆಫ್ ಮ್ಯಾನ್‌ನ ಒಂದೇ ಮನೆಯ ಮಾವ-ಅಳಿಯಂದಿರಲ್ಲಿ ಒಬ್ಬ ಮೈಸೂರಿನ ಚರಿತ್ರೆ ಬರೆದ, ಇನ್ನೊಬ್ಬ ಅದೇ ಮೈಸೂರನ್ನು 27 ವರ್ಷ ಆಳಿದ.

ಹೆಸರಿನ ಹರವಿಗೆ ಮರಳೋಣ. ಕಬ್ಬನ್ ಎಂಬುದು ಬ್ರಿಟನ್ನಿನಲ್ಲಿ ಅಪರೂಪದ ಕುಲನಾಮ. ಸ್ಮಿತ್, ಜೋನ್ಸ್‌ಗಳಂತೆ ಬೀದಿಗೆ ಹತ್ತು ಸಿಗುವಂಥದ್ದಲ್ಲ. ಅದರ ತವರು ಐಲ್ ಆಫ್ ಮ್ಯಾನ್. ಸಮುದ್ರದಾಚೆ ಎದುರಿಗಿರುವ ಲಿವರ್‌ಪೂಲ್ ಮತ್ತು ಅದರ ಸುತ್ತಿನ ಲ್ಯಾಂಕಶೈರ್ ಅದರ ಎರಡನೆಯ ಮನೆ. ಡಗ್ಲಸ್ ಪಟ್ಟಣಕ್ಕೂ ಲಿವರ್‌ಪೂಲಿಗೂ ನಡುವೆ ಸುಮಾರು 130 ಕಿ.ಮೀ. ನೀರು. 1830ರಲ್ಲಿ ದ್ವೀಪದವರೇ ಸ್ಟೀಮರ್ ಕಂಪನಿ ಕಟ್ಟಿಕೊಂಡ ಮೇಲೆ ಹೋಗಿಬರುವುದು ಸಲೀಸಾಯಿತು. ಕೂಲಿ, ನಾವಿಕ, ಬಡಗಿ ಕೆಲಸ ಹುಡುಕಿಕೊಂಡು ಜನ ಹೊರಟರು. ಕೆಲವರ ಹೆಸರು ಆಚೆ ದಡದಲ್ಲಿ ‘ಕಬ್ಬಿನ್’ ಎಂದು ಬರೆಯಲ್ಪಟ್ಟು ಹಾಗೆಯೇ ಉಳಿಯಿತು. 1820ರ ದಶಕದಿಂದ ದ್ವೀಪದ ಹಲವು ಕುಟುಂಬಗಳು ಅಮೆರಿಕದ ಓಹಾಯೊ ರಾಜ್ಯದ ಕ್ಲೀವ್‌ಲೆಂಡ್ ಸುತ್ತಮುತ್ತ ಜಮೀನು ಹಿಡಿದು ನೆಲೆಸಿದವು. ಅಲ್ಲಿಗೆ ಹೋದ ಕೆ, ಕ್ಯೂಗಳ ಹಿಂಡು ಇಂದಿಗೂ ಅಲ್ಲಿದೆ.

ಉತ್ತರಕ್ಕೆ ತಿರುಗಿದರೆ ಇನ್ನೊಂದು ಶಾಖೆ ಕಾಣುತ್ತದೆ. ದ್ವೀಪದ ಬಡಗಣ ತುದಿಯಿಂದ ಸ್ಕಾಟ್‌ಲೆಂಡಿನ ಗ್ಯಾಲೊವೆ ತೀರ ಸುಮಾರು 26 ಕಿ.ಮೀ. ಮಾತ್ರ. ಬಾನು ತಿಳಿಯಾಗಿದ್ದರೆ ಕಣ್ಣಿಗೇ ಕಾಣುತ್ತದೆ. ಅಲ್ಲೂ ಅದರ ಪಕ್ಕದ ಏರ್‌ಶೈರ್‌ನಲ್ಲೂ ಮ್ಯಾಕ್‌ಕಬ್ಬಿನ್ ಮನೆತನಗಳಿವೆ. ಹೆಸರು ಅದೇ, ಮ್ಯಾಕ್ ಮಾತ್ರ ಸವೆದಿಲ್ಲ. ಏರ್‌ಶೈರ್‌ನಿಂದ ಆಸ್ಟ್ರೇಲಿಯಕ್ಕೆ ಹೋಗಿ ಮೆಲ್ಬರ್ನ್‌ನಲ್ಲಿ ಬೇಕರಿ ಇಟ್ಟವನೊಬ್ಬನ ಮಗ ಫ್ರೆಡರಿಕ್ ಮ್ಯಾಕ್‌ಕಬ್ಬಿನ್ ಆ ದೇಶದ ದೊಡ್ಡ ಚಿತ್ರಕಾರರಲ್ಲಿ ಒಬ್ಬನಾದ. ಉತ್ತರ ಐರ್ಲೆಂಡಿನ ಕಡೆ ಮ್ಯಾಕ್‌ಕಿಬ್ಬಿನ್ ಇದೆ. ಬೆಂಗಳೂರಿನ ಪಾರ್ಕಿಗೂ ಮೆಲ್ಬರ್ನ್‌ನ ಚಿತ್ರಶಾಲೆಗೂ ಹೀಗೊಂದು ಪದದ ನಂಟು.

ಪದದ ನಂಟು ಎಂದೆ. ರಕ್ತದ ನಂಟು ಎನ್ನಲಿಲ್ಲ. ಇಲ್ಲಿಯೇ ಬಹಳ ಜನ ಎಡವುವುದು. ಗಿಲ್ಬರ್ಟ್ ಎಂಬ ಹೆಸರಿನವರು ಆ ಕಾಲದಲ್ಲಿ ಅನೇಕರಿದ್ದರು. ಗ್ಯಾಲೊವೆಯ ಗಿಬ್ಬನ್ ಬೇರೆ, ಮ್ಯಾನ್ ದ್ವೀಪದ ಗಿಬ್ಬನ್ ಬೇರೆ ಇರಬಹುದು. ಒಂದೇ ದ್ವೀಪದಲ್ಲಿಯೂ ಇಬ್ಬರು ಗಿಬ್ಬನ್ನರು ಇದ್ದಿರಬಹುದು. ಕುಲನಾಮವೊಂದಕ್ಕೆ ಚೆಂದದ ಲಾಂಛನ ಬರೆದು, ಚೌಕಟ್ಟು ಹಾಕಿ ಪ್ರವಾಸಿಗಳಿಗೆ ಮಾರುವ ಅಂಗಡಿಗಳು ಬ್ರಿಟನ್ನಿನಲ್ಲಿ ಬೇಕಾದಷ್ಟಿವೆ. ಆ ದೇಶದ ಕಾನೂನಿನ ಪ್ರಕಾರ ಲಾಂಛನ ಸಿಗುವುದು ವ್ಯಕ್ತಿಗೆ ಮತ್ತು ಆತನ ವಾರಸುದಾರರಿಗೆ, ಆ ಹೆಸರಿಟ್ಟುಕೊಂಡ ಎಲ್ಲರಿಗೂ ಅಲ್ಲ. ಹಣ ಕೊಟ್ಟವರಿಗೆ ಗೋಡೆಗೆ ಒಂದು ಅಲಂಕಾರ ಸಿಕ್ಕಿತೆಂದುಕೊಳ್ಳಬೇಕು.

ಹಾಗಾದರೆ ಒಂದೇ ಹೆಸರಿನವರು ಒಂದೇ ವಂಶದವರೇ ಎಂದು ತಿಳಿಯುವುದು ಹೇಗೆ? ಕುಲನಾಮದಂತೆಯೇ ತಂದೆಯಿಂದ ಮಗನಿಗೆ ಮಾತ್ರ ಹೋಗುವ ಒಂದು ವಸ್ತು ಗಂಡಸರ ದೇಹದಲ್ಲಿದೆ, ವೈ ವರ್ಣತಂತು. ಆಕ್ಸ್‌ಫರ್ಡ್‌ನ ತಳಿವಿಜ್ಞಾನಿ ಬ್ರಯಾನ್ ಸೈಕ್ಸ್ ತನ್ನದೇ ಕುಲನಾಮವನ್ನು ಪರೀಕ್ಷೆಗೊಡ್ಡಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಸಂಬಂಧಿಗಳೆಂದು ಗೊತ್ತಿಲ್ಲದ 48 ಮಂದಿ ಸೈಕ್ಸ್‌ಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಜನರ ವರ್ಣತಂತುವಿನ ಗುರುತು ಒಂದೇ ಆಗಿತ್ತು. ಮಿಕ್ಕವರ ಸರಪಳಿ ನಡುವೆ ಎಲ್ಲೋ ತುಂಡಾಗಿದೆ. ದತ್ತು, ತಾಯಿಯ ಕಡೆಯ ಹೆಸರು ಹಿಡಿದದ್ದು, ಮತ್ತೆ ಹೇಳಿಕೊಳ್ಳಲಾಗದ ಕಾರಣಗಳು. 2009ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಟುರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 40 ಕುಲನಾಮಗಳ 1,678 ಗಂಡಸರನ್ನು ಪರೀಕ್ಷಿಸಿ ಇನ್ನೂ ಸ್ಪಷ್ಟವಾದ ಸಂಗತಿ ಕಂಡರು: ಹೆಸರು ಅಪರೂಪವಾದಷ್ಟೂ ಅದನ್ನು ಹೊತ್ತವರು ಒಂದೇ ಮೂಲದವರಾಗಿರುವ ಸಂಭವ ಹೆಚ್ಚು. ಸ್ಮಿತ್‌ರಂಥ ಸಾಮಾನ್ಯ ಹೆಸರಿನವರಲ್ಲಿ ಅಂಥ ಬೆಸುಗೆಯೇ ಇಲ್ಲ. ಕಮ್ಮಾರರು ಊರೂರಲ್ಲೂ ಇದ್ದರಲ್ಲ! ಈ ಅಳತೆಯಿಂದ ನೋಡಿದರೆ ಚಿಕ್ಕ ದ್ವೀಪದ ಅಪರೂಪದ ಕಬ್ಬನ್‌ಗಳು ಕೆಲವೇ ಪೂರ್ವಿಕರ ಸಂತಾನ ಎಂದುಕೊಳ್ಳುವುದು ತಪ್ಪಾಗಲಾರದು.

ಮಾರ್ಕ್ ಕಬ್ಬನ್ ಆ ಸಂತಾನಕ್ಕೆ ಏನೂ ಸೇರಿಸಲಿಲ್ಲ. ಆತ ಮದುವೆಯಾಗಲೇ ಇಲ್ಲ. ಅರವತ್ತು ವರ್ಷ ಈ ನೆಲದಲ್ಲಿ ಕಳೆದು 1861ರಲ್ಲಿ ಕಾಯಿಲೆ ಬಿದ್ದು ಊರಿಗೆ ಹೊರಟವನು ದಾರಿಯಲ್ಲಿ ಸೂಯೆಜ್‌ನಲ್ಲಿ, ಏಪ್ರಿಲ್ ತಿಂಗಳಲ್ಲಿ ತೀರಿಕೊಂಡ. ದೇಹವನ್ನು ಮಾಗೋಲ್ಡ್‌ಗೆ ಒಯ್ದು ಹೂಳಲಾಯಿತು. ಆ ಚರ್ಚಿನ ಆವರಣದಲ್ಲಿ ನಲವತ್ತಕ್ಕೂ ಹೆಚ್ಚು ಪ್ರಾಚೀನ ಕಲ್ಲಿನ ಶಿಲುಬೆಗಳಿವೆ.

ಅವನ ಹೆಸರನ್ನು ರೂಪಿಸಿದ ಭಾಷೆಗೆ ಆಮೇಲೆ ಕೆಟ್ಟ ದಿನಗಳು ಬಂದವು. ಹತ್ತೊಂಬತ್ತನೆಯ ಶತಮಾನದಲ್ಲಿ ತಾಯ್ತಂದೆಯರು ಮಕ್ಕಳೊಡನೆ ಮ್ಯಾಂಕ್ಸ್ ಆಡುವುದನ್ನು ಬಿಟ್ಟರು. ಹೊಟ್ಟೆಗೆ ಇಂಗ್ಲಿಷ್ ಬೇಕಾಗಿತ್ತು. ಹುಟ್ಟುಭಾಷಿಕರಲ್ಲಿ ಕೊನೆಯವನೆನ್ನಲಾದ ನೆಡ್ ಮ್ಯಾಡ್ರೆಲ್ ಎಂಬ ಮೀನುಗಾರ 1974ರ ಡಿಸೆಂಬರ್ 27ರಂದು ಸತ್ತ. ‘ಮ್ಯಾಕ್’ ಎಂದರೆ ಮಗ ಎಂಬುದು ಗೊತ್ತಿಲ್ಲದವರ ತಲೆಯ ಮೇಲೂ ಕ್ವೇಲ್, ಕಿಸಾಕ್, ಕಬ್ಬನ್‌ಗಳು ಉಳಿದುಕೊಂಡವು. ಯುನೆಸ್ಕೊ 2009ರಲ್ಲಿ ಮ್ಯಾಂಕ್ಸನ್ನು ನಶಿಸಿದ ಭಾಷೆಗಳ ಪಟ್ಟಿಗೆ ಸೇರಿಸಿದಾಗ ದ್ವೀಪದ ಒಂದು ಪ್ರಾಥಮಿಕ ಶಾಲೆಯ ಮಕ್ಕಳು ಅದೇ ಭಾಷೆಯಲ್ಲಿ ಕಾಗದ ಬರೆದು, ಭಾಷೆ ಸತ್ತಿದ್ದರೆ ನಾವು ಬರೆಯುತ್ತಿರುವುದು ಯಾವುದರಲ್ಲಿ ಎಂದು ಕೇಳಿದರು. ಪಟ್ಟಿ ತಿದ್ದಬೇಕಾಯಿತು. 2001ರಲ್ಲಿ ತೆರೆದ ಆ ಶಾಲೆಯಲ್ಲಿ ಪಾಠವೆಲ್ಲ ಮ್ಯಾಂಕ್ಸ್‌ನಲ್ಲೇ ನಡೆಯುತ್ತದೆ.

ಇತ್ತ ಬೆಂಗಳೂರಿನಲ್ಲಿ ಕಬ್ಬನ್ ಸತ್ತು ಒಂಬತ್ತು ವರ್ಷದ ಮೇಲೆ, 1870ರಲ್ಲಿ, ಎಂಜಿನಿಯರ್ ಸ್ಯಾಂಕಿ ಉದ್ಯಾನವನ್ನು ರೂಪಿಸಿದರು. ಅದಕ್ಕೆ ಮೊದಲು ಇಟ್ಟ ಹೆಸರು ಮೀಡ್ಸ್ ಪಾರ್ಕ್. ಅದು ನಿಲ್ಲಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ವರ್ಷವಾದ 1927ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನ ಎಂದು ಹೆಸರಾಯಿತು. ಸರ್ಕಾರದ ಕಾಗದದಲ್ಲಿ ಅದೇ ಇದೆ. ಹೈಕೋರ್ಟಿನ ಮುಂದೆ ಕುದುರೆಯ ಮೇಲೆ ಕೂತಿದ್ದ ಕಬ್ಬನ್ ಪ್ರತಿಮೆಯನ್ನು 2020ರಲ್ಲಿ ಎತ್ತಿ ಉದ್ಯಾನದೊಳಗೆ ತಂದು ನಿಲ್ಲಿಸಿದ್ದಾರೆ. ಆಟೊದವರಿಗೆ ಚಾಮರಾಜೇಂದ್ರ ಉದ್ಯಾನ ಎಂದು ಹೇಳಿ ನೋಡಿ. ‘ಕಬ್ಬನ್ ಪಾರ್ಕಾ ಸಾರ್?’ ಎಂದೇ ಕೇಳುತ್ತಾರೆ.